ಮುಂಬಯಿಯ ಕಡಲಂಚು: ಗೋಡೆಯೂ ಬಾಗಿಲೂ

ಕಡಲತೀರದ ನಗರಗಳಿಗೆ ಸಮುದ್ರವೇ ಪ್ರಧಾನ ಶತ್ರುವೆಂಬುದು ಸಾಮಾನ್ಯವಾದ ನಂಬಿಕೆ. ಮುಂಬಯಿಯ ಮಟ್ಟಿಗೆ ಇದು ಅರ್ಧಸತ್ಯವೇ ಸರಿ. ಇಲ್ಲಿಯ ನೆರೆಗೆ ಕಾರಣ ಕಡಲು ಒಳನುಗ್ಗುವುದಕ್ಕಿಂತ ಹೆಚ್ಚಾಗಿ, ಮಳೆಯ ನೀರು ಕಡಲನ್ನು ಸೇರಲಾರದಿರುವುದು. ತೀರದ ರಕ್ಷಣೆಯನ್ನು ಕುರಿತ ವಿಚಾರವು ಈ ಭೇದವನ್ನು ಅರಿತುಕೊಂಡೇ ಮೊದಲಾಗಬೇಕು.

ಇದರ ಮೂಲವು ನಗರದ ಹುಟ್ಟಿನಲ್ಲಿಯೇ ಇದೆ. ಏಳು ದ್ವೀಪಗಳ ನಡುವಣ ತಗ್ಗುಗಳಿಗೆ ಉಬ್ಬರದ ಹೊತ್ತಿನಲ್ಲಿ ಕಡಲು ನುಗ್ಗುತ್ತಿದ್ದಿತು. ಮಹಾಲಕ್ಷ್ಮಿ ಮತ್ತು ವರಳಿಗಳ ನಡುವಣ ದೊಡ್ಡ ಕಂಡಿಯನ್ನು 18ನೆಯ ಶತಮಾನದ ಉತ್ತರಾರ್ಧದಲ್ಲಿ ಒಡ್ಡು ಕಟ್ಟಿ ಮುಚ್ಚಲಾಯಿತು. ಅದಕ್ಕೆ ಗವರ್ನರ್ ಹಾರ್ನ್‌ಬಿಯ ಹೆಸರು ನಿಂತಿತು. ಸಮುದ್ರವು ಹಿಂದೆ ಸರಿಯಿತು, ಊರು ಬೆಳೆಯಿತು. ಆದರೆ ತಗ್ಗು ತಗ್ಗಾಗಿಯೇ ಉಳಿಯಿತು. ದಾದರಿನ ಸಮೀಪದ ಹಿಂದ್‌ಮಾತಾದಂತಹ ಬಟ್ಟಲಿನಾಕಾರದ ಸ್ಥಳಗಳಲ್ಲಿ ಮಳೆನೀರು ಮಡುಗಟ್ಟುವುದಕ್ಕೆ ಇದೇ ಕಾರಣ.

ನಗರದ ಹಳೆಯ ಚರಂಡಿಗಳು ಗಂಟೆಗೆ ಸುಮಾರು 25 ಮಿಲಿಮೀಟರ್ ಮಳೆಯನ್ನು, ಅದೂ ಇಳಿತದ ವೇಳೆಯಲ್ಲಿ, ಸಾಗಿಸುವಂತೆ ರಚಿತವಾದವು. ಅವುಗಳ ಬಾಯಿಗಳಲ್ಲಿ ಬಹುಪಾಲು ಉಬ್ಬರದ ಮಟ್ಟಕ್ಕಿಂತ ಕೆಳಗಿವೆ. ಬಾಗಿಲು ತೆರೆದಿದ್ದರೆ ಕಡಲು ಒಳಬರುತ್ತದೆ. ಮುಚ್ಚಿದರೆ ಮಳೆನೀರು ಒಳಗೇ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳೊಳಗೆ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ದಿನ ದೊಡ್ಡ ಉಬ್ಬರವೂ ಕೂಡಿಬಂದಿತು. ವಿಹಾರ ಮತ್ತು ಪೊವಾಯಿ ಕೆರೆಗಳ ಹೆಚ್ಚುವರಿ ನೀರನ್ನು ಮಾಹೀಮ್ ಖಾಡಿಗೆ ಒಯ್ಯುವ ಮೀಠಿ ನದಿಯು, ವಿಮಾನನಿಲ್ದಾಣಕ್ಕಾಗಿಯೂ ಬಾಂದ್ರಾ-ಕುರ್ಲಾ ಸಂಕೀರ್ಣಕ್ಕಾಗಿಯೂ ಮೊದಲೇ ಇಕ್ಕಟ್ಟಾಗಿದ್ದುದರಿಂದ, ದಡ ಮೀರಿ ಹರಿಯಿತು. ನಗರದಲ್ಲಿ ನಾಲ್ಕು ನೂರಕ್ಕೂ ಮಿಕ್ಕಿ ಜನ ಪ್ರಾಣ ಕಳೆದುಕೊಂಡರು.

ಪರಿಹಾರವು ಅಜ್ಞಾತವಾಗಿದ್ದಿತೆಂದು ಹೇಳುವಂತಿಲ್ಲ. ಚರಂಡಿಗಳ ಶಕ್ತಿಯನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸಿ, ತೀರದಲ್ಲಿ ಪಂಪುಗಳ ಠಾಣೆಗಳನ್ನು ಸ್ಥಾಪಿಸಬೇಕೆಂದು 1993ರ ಬ್ರಿಮ್‌ಸ್ಟೋವಾಡ್ ವರದಿಯು ಸೂಚಿಸಿದ್ದಿತು. ಕೆಲಸಕ್ಕೆ ವೇಗ ದೊರೆತುದು ಮಾತ್ರ 2005ರ ದುರಂತದ ತರುವಾಯ. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್ ಮೊದಲಾದೆಡೆಗಳಲ್ಲಿ, ಬಾಗಿಲು ಮುಚ್ಚಿರುವಾಗಲೂ ನೀರನ್ನು ಎತ್ತಿ ಕಡಲಿಗೆ ಹಾಕುವ ಯಂತ್ರಗಳು ಬಂದವು. ಹಿಂದ್‌ಮಾತಾದ ನೀರಿಗಾಗಿ 2021ರಿಂದ ಸಮೀಪದ ಬಯಲುಗಳಡಿಯಲ್ಲಿ ತೊಟ್ಟಿಗಳನ್ನು ಕಟ್ಟಲಾಯಿತು. ಉಬ್ಬರವಿಳಿಯುವವರೆಗೆ ನೀರನ್ನು ಹಿಡಿದಿಡುವುದು ಇವುಗಳ ಉದ್ದೇಶ.

ಆದರೆ ಪಂಪಿನ ಶಕ್ತಿಗೆ ಮಿತಿಯುಂಟು. ಭೂಮಿಯ ತಾಪವೇರಿದಂತೆ ಗಾಳಿಯು ಹೆಚ್ಚು ತೇವವನ್ನು ಹೊತ್ತು ತರುತ್ತದೆ, ಬಿರುಮಳೆ ಇನ್ನಷ್ಟು ಬಿರುಸಾಗುತ್ತದೆ. ಕಡಲ ಮಟ್ಟವೂ ಏರುವುದರಿಂದ ನೀರು ತಾನಾಗಿ ಹರಿದುಹೋಗುವ ಅವಧಿ ಮೊಟಕಾಗುತ್ತದೆ. ಆದುದರಿಂದ ನೀರಿಗೆ ನಿಲ್ಲಲು ಎಡೆಗೊಡುವ ಖಾಡಿ, ಕಾಂಡ್ಲಾ ಕಾಡು, ಉಪ್ಪಿನಗದ್ದೆಗಳು ನಿರುಪಯುಕ್ತವಾದ ನೆಲವಲ್ಲ. ಯಂತ್ರದಷ್ಟೇ ಅವಶ್ಯವಾದ ಅಂಗಗಳು. ಕಾಂಡ್ಲಾ ಕಾಡುಗಳ ನಾಶಕ್ಕೆ 2005ರಲ್ಲಿ ತಡೆಯೊಡ್ಡಿದ ಮುಂಬಯಿ ಉಚ್ಚ ನ್ಯಾಯಾಲಯವು 2018ರ ತೀರ್ಪಿನಲ್ಲಿಯೂ ಆ ನಿಲುವನ್ನು ದೃಢಪಡಿಸಿತು.

ಎರಡು ಶತಮಾನಗಳ ಕಾಲ ನೀರಿನಿಂದ ನೆಲವನ್ನು ಪಡೆದು ಬೆಳೆದ ನಗರವಿದು. ಅದರಲ್ಲಿ ಕಿಂಚಿತ್ತನ್ನಾದರೂ ನೀರಿಗೆ ಮೀಸಲಿಡದಿದ್ದರೆ, ಆ ಋಣವನ್ನು ಮೊದಲು ತೆರಬೇಕಾದವರು ಮೀಠಿಯ ದಡದ ಗುಡಿಸಲುಗಳವರೇ.