ಟ್ರೇಲರಿಗೆ ರೇಡಿಯೋ ರಿಮೋಟ್: ಜೋಡಣೆ ಮತ್ತು ದೋಷ ಪತ್ತೆ

ಕೆರೆಗೋಡು, ಗೊಬ್ಬರ ಸಾಗಿಸುವ ಹೈಡ್ರಾಲಿಕ್ ಟ್ರೇಲರನ್ನು ರೇಡಿಯೋ ರಿಮೋಟಿನಿಂದ ಎತ್ತಿ ಇಳಿಸಬಹುದು. ಚಾಲಕನು ದೂರ ನಿಂತು, ಸುತ್ತಲೂ ಜನರಿಲ್ಲವೆಂದೂ ಮೇಲೆ ವಿದ್ಯುತ್ ತಂತಿಯಿಲ್ಲವೆಂದೂ ನೋಡಿಕೊಂಡು ಕೆಲಸ ಮಾಡಬಹುದು.

ರಿಮೋಟಿನ ಸಂಕೇತವನ್ನು ಪಡೆದ ರಿಸೀವರ್, ಸೊಲೆನಾಯ್ಡ್ ವಾಲ್ವಿನ ಕಾಯಿಲಿಗೆ 12 ವೋಲ್ಟ್ ವಿದ್ಯುತ್ ಕೊಡುತ್ತದೆ. ವಾಲ್ವು ತೆರೆದು ಎಣ್ಣೆಯು ಸಿಲಿಂಡರಿಗೆ ಹರಿಯುತ್ತದೆ.

ಜೋಡಣೆ: ರಿಸೀವರನ್ನು ಇಂಜಿನ್ನಿನ ಶಾಖ ಮತ್ತು ನೀರು ತಾಗದೆಡೆ ಬಿಗಿಯಬೇಕು. ಆಂಟೆನಾ ತಗಡಿನ ಮರೆಯಲ್ಲಿರಬಾರದು. ಬ್ಯಾಟರಿಯಿಂದಲೇ ಫ್ಯೂಸಿನ ಮೂಲಕ ತಂತಿ ಎಳೆಯಬೇಕು. ಅರ್ಥಿಂಗ್ ಜಾಗದ ಬಣ್ಣ ಕೆರೆದು ಬೋಲ್ಟ್ ಬಿಗಿಯಬೇಕು. ಗುಂಡಿಯಿಂದ ಬೆರಳು ತೆಗೆದೊಡನೆ ಟ್ರೇಲರ್ ನಿಲ್ಲುವಂತಿರಬೇಕು.

ದೋಷ ಪತ್ತೆ: ರಿಮೋಟ್ ಒತ್ತಿದರೂ ಟ್ರೇಲರ್ ಏಳದಿದ್ದಲ್ಲಿ ಎಲ್ಲವನ್ನೂ ಬಿಚ್ಚಬೇಡಿ. ಬಹುತೇಕ ವಾಲ್ವುಗಳ ತುದಿಯಲ್ಲಿ ಕೈಯಿಂದ ಒತ್ತುವ ಸಣ್ಣ ಪಿನ್ ಇರುತ್ತದೆ. ಖಾಲಿ ಟ್ರೇಲರ್ ಕೆಳಗಿಳಿದಿರುವಾಗ, ಪಂಪು ನಡೆಯುತ್ತಿರಲು, ಪಕ್ಕದಲ್ಲಿ ನಿಂತು ಎತ್ತುವ ಪಿನ್ ಒತ್ತಿರಿ. ಟ್ರೇಲರ್ ಎದ್ದರೆ ದೋಷವು ವಿದ್ಯುತ್ ಭಾಗದ್ದು: ರಿಮೋಟಿನ ಸೆಲ್, ಫ್ಯೂಸ್, ಅರ್ಥಿಂಗ್, ಕಾಯಿಲಿನ ಪ್ಲಗ್ ಇವನ್ನು ಕ್ರಮವಾಗಿ ನೋಡಿರಿ. ಇಂಜಿನ್ ನಿಲ್ಲಿಸಿ ಗುಂಡಿ ಒತ್ತಿದಾಗ ಕಾಯಿಲಿನಲ್ಲಿ 11 ವೋಲ್ಟಿಗಿಂತ ಕಡಿಮೆಯಿದ್ದರೆ ಬ್ಯಾಟರಿ ಇಳಿದಿದೆ ಇಲ್ಲವೆ ಜೋಡಣೆ ಸಡಿಲವಾಗಿದೆ. ಪಿನ್ ಒತ್ತಿದರೂ ಏಳದಿದ್ದರೆ ಎಣ್ಣೆಯ ಮಟ್ಟ, ಪಂಪು, ವಾಲ್ವಿನೊಳಗಿನ ಕಸ ಪರೀಕ್ಷಿಸಬೇಕು.

ಎತ್ತಿದ ಟ್ರೇಲರಿಗೆ ಗಟ್ಟಿ ಆಧಾರ ಕೊಡದೆ ಅದರಡಿ ಕೈ ಹಾಕಬಾರದು. ತುರ್ತು ನಿಲುಗಡೆಯ ಗುಂಡಿ ಕೆಟ್ಟಿತೆಂದು ತಂತಿ ಸುತ್ತಿ ಕೆಲಸ ಸಾಗಿಸಬಾರದು. ಪ್ರತಿದಿನ ಮೊದಲು ಪರೀಕ್ಷಿಸತಕ್ಕದ್ದು ಆ ಗುಂಡಿಯನ್ನೇ.