ಕೊಡಲಿ ಹಿಡಿದ ಕೈ ಕಾವಲಿಗೆ

ಕೇರಳದ ತೇಕ್ಕಡಿಗೆ ಹೋದವರು ಪೆರಿಯಾರ್ ಸರೋವರದಲ್ಲಿ ದೋಣಿಯೇರಿ, ದಡದಲ್ಲಿ ನೀರು ಕುಡಿಯುವ ಆನೆಗಳನ್ನು ಕಂಡು ಹಿಗ್ಗುತ್ತಾರೆ. 1895ರಲ್ಲಿ ಕಟ್ಟಿ ಮುಗಿದ ಅಣೆಕಟ್ಟಿನಿಂದಾದ ಸರೋವರವದು. ಸುತ್ತಲ ಅರಣ್ಯ 1978ರಿಂದ ಹುಲಿಗಳ ರಕ್ಷಿತ ಧಾಮ. ಆದರೆ ಈ ಕಾಡಿನ ದೊಡ್ಡ ಅಚ್ಚರಿ ದೋಣಿಯಿಂದ ಕಾಣುವಂಥದಲ್ಲ.

ಒಂದು ಕಾಲಕ್ಕೆ ಅಂಚಿನ ಹಳ್ಳಿಗಳ ಕೆಲವರು ಕಾಡಿನೊಳಗೆ ನುಸುಳಿ, ಕಾಡು ದಾಲ್ಚಿನ್ನಿ ಮರಗಳ ತೊಗಟೆ ಸುಲಿದು ಮಾರಿ ಹೊಟ್ಟೆ ಹೊರೆಯುತ್ತಿದ್ದರು. ಅರಣ್ಯ ಸಿಬ್ಬಂದಿ ಅಟ್ಟುವುದು, ಇವರು ಅಡಗುವುದು. ಮೊಕದ್ದಮೆಗಳು ಬೆಳೆದುವೇ ಹೊರತು ಕಳವು ನಿಲ್ಲಲಿಲ್ಲ.

1996ರಲ್ಲಿ ಆರಂಭವಾದ ಪರಿಸರಾಭಿವೃದ್ಧಿ ಯೋಜನೆ ಬೇರೊಂದು ದಾರಿ ಹಿಡಿಯಿತು. ಹಿಡಿದು ಶಿಕ್ಷಿಸುವುದನ್ನು ಬಲ್ಲ ಸಿಬ್ಬಂದಿಯೇ ಹಳ್ಳಿಗೆ ಹೋಗಿ, ಜನರೊಡನೆ ಕುಳಿತು ಮಾತನಾಡುವ ವಿದ್ಯೆಯನ್ನು ಕಲಿಯಬೇಕಾಯಿತು. ಕಳವು ಬಿಟ್ಟು ಬಂದವರಿಗೆ ತರಬೇತು ದೊರೆಯಿತು. ಅವರು ಪ್ರವಾಸಿಗಳಿಗೆ ದಾರಿ ತೋರುವವರಾದರು, ಗಸ್ತು ತಿರುಗುವವರಾದರು. ಕಾಡಿನ ಕಳ್ಳಹಾದಿಗಳನ್ನು ಅವರಿಗಿಂತ ಬಲ್ಲವರು ಯಾರು?

ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಹೊಲ ಮೇಯ್ದವರೇ ಬೇಲಿಯಾದರು.

2002ರಲ್ಲಿ ಹಳ್ಳಿಯ ಹೆಂಗಸರೂ ಮುಂದೆ ಬಂದರು. ‘ವಸಂತ ಸೇನೆ’ ಎಂಬ ತಂಡ ಕಟ್ಟಿ, ಸಂಬಳದ ಆಸೆಯಿಲ್ಲದೆ, ಸರದಿಯ ಮೇಲೆ ಕಾಡು ಕಾಯತೊಡಗಿದರು. ಸರ್ಕಾರದ್ದಾಗಿದ್ದ ಕಾಡು ಅಂದಿನಿಂದ ಅವರ ಮನೆಯ ಹಿತ್ತಿಲಾಯಿತು.