ಪಡತಾಳಣಿಗೆ ಬಂದಾಗ ಇದ್ದದ್ದು ಹೇಳ್ರಿ

ಜತ್ತ: ಅರೆಸೇನಾ ಪಡೆಗೆ ಆಯ್ಕೆಯಾದ ನಮ್ಮ ಓಣಿಯ ಹುಡುಗನೊಬ್ಬ ಅಟೆಸ್ಟೇಶನ್ ಫಾರ್ಮಿನಲ್ಲಿ ಪರಿಚಯಸ್ಥರೆಂದು ನನ್ನ ಹೆಸರು ಬರೆದಿದ್ದ. ಚಾರಿತ್ರ್ಯ ಪಡತಾಳಣಿಗೆ ಹವಾಲ್ದಾರರು ಬಂದರು. ಕಟ್ಟೆ ಮೇಲೆ ಕುಂತು ಮರಾಠಿಯಲ್ಲಿ ಕೇಳಿದರು: ‘ಮುಲಗಾ ಕಸಾ ಆಹೆ?’ ಎಷ್ಟು ವರ್ಷದ ಪರಿಚಯ, ಯಾರ ಸಂಗಡ ಓಡಾಟ, ಕೇಸ್ ಏನರ ಅದಾವೇನು?

ಒಂದಿತ್ತು. ಜಾತ್ರೆಯೊಳಗಿನ ಹೊಡೆದಾಟ, ಕೋರ್ಟಿನಲ್ಲಿ ಖುಲಾಸೆ ಆಗಿತ್ತು. ‘ಅದೊಂದು ಹೇಳಬ್ಯಾಡೋ ತಮ್ಮಾ’ ಎಂದು ಹುಡುಗನ ತಾಯಿ ಹಿಂದಿನ ರಾತ್ರಿ ಬಂದು ಅತ್ತಿದ್ದರು. ಗಂಟಲು ಕಟ್ಟಿತು. ಆದರೂ ಇದ್ದದ್ದು ಇದ್ದಂಗೆ ಹೇಳಿದೆ. ಹವಾಲ್ದಾರರು ತಲೆಯಾಡಿಸಿ, ಅದನ್ನು ಹುಡುಗನೇ ಫಾರ್ಮಿನಲ್ಲಿ ಬರೆದಿದ್ದಾನೆ ಎಂದರು! ಮನೆಯವರಿಗೂ ಅವ ಹೇಳಿರಲಿಲ್ಲ.

ಇಂಥ ಅಂಜಿಕೆ ಎಷ್ಟೋ ಮನೆಗಳಲ್ಲಿದೆ. ಆದರೆ ಮಾಹಿತಿ ಮುಚ್ಚಿಟ್ಟರೆ ಅನರ್ಹರಾಗುವಿರಿ ಎಂದು ಫಾರ್ಮಿನಲ್ಲೇ ಎಚ್ಚರಿಕೆ ಇರುತ್ತದೆ. ಕೇಸು, ಬಂಧನ, ಖುಲಾಸೆ ಯಾವುದಿದ್ದರೂ ನಿಜವನ್ನೇ ಬರೆಯಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನಿಜ ಬರೆದರೂ ನೌಕರಿ ಖಾತ್ರಿಯಲ್ಲ. ಪೂರ್ವಾಪರ ನೋಡುವ ಅಧಿಕಾರ ಇಲಾಖೆಗಿದೆ. ಆದರೆ ಸುಳ್ಳು ಸಿಕ್ಕಿಬಿದ್ದರೆ ಸೇರಿದ ನೌಕರಿಯೂ ಹೋಗಬಹುದು.

ಆದೇಶ ಇನ್ನೂ ಬಂದಿಲ್ಲ. ತಾಯಿ ದಿನಾ ಪೋಸ್ಟಮನ್ನರ ದಾರಿ ಕಾಯುತ್ತಾರೆ. ನನ್ನ ಮೇಲೆ ಸಿಟ್ಟು ಮಾತ್ರ ಇಳಿದಿದೆ.